ಕಿಣ್ವದ ಜಾತಕವೂ ಕ್ಯಾನ್ಸರಿನ ಭಯವೂ

ನಮ್ಮ ಸಂಘದ ವಾರ್ಷಿಕೋತ್ಸವದ ಅಂಗವಾಗಿ ಈ ಸಲ ಆರೋಗ್ಯ ಶಿಬಿರವೊಂದನ್ನು ಏರ್ಪಡಿಸಬೇಕೆಂದು ಕಾರ್ಯಕಾರಿ ಸಮಿತಿಯವರು ಆಲೋಚಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಶಿಬಿರಕ್ಕಾಗಿ ಖಾಸಗಿ ಪ್ರಯೋಗಶಾಲೆಯೊಂದು ಮುಂದಿಟ್ಟಿರುವ ಸಲಹೆಯನ್ನು ಓದಿದ ಮೇಲೆ ಸುಮ್ಮನಿರುವುದು ತರವಲ್ಲವೆಂದು ತೋರಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಸ್ವಲ್ಪ ಎಂಜಲು ಕೊಟ್ಟರೆ ಸಾಕಂತೆ. ನಮ್ಮ ದೇಹದ ವಿಷಹಾರಿ ಕಿಣ್ವಗಳ ವಂಶವಾಹಿಗಳನ್ನು ಓದಿ, ಮುಂದೆ ಕ್ಯಾನ್ಸರ್ ಬರುವ ಸಂಭವ ಎಷ್ಟೆಂದು ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಬರೆದುಕೊಡುತ್ತಾರಂತೆ. ಹೊರಗಿನವರಿಗೆ 12,000 ರೂಪಾಯಿ, ಸಂಘದ ಸದಸ್ಯರಿಗೆ ರಿಯಾಯಿತಿ ದರದಲ್ಲಿ 8,000. ಕೆಂಪು ಗುರುತು ಬಂದವರಿಗೆ ವಿಷ ತೊಳೆಯುವ ಪುಡಿಯೊಂದನ್ನೂ ಅವರೇ ಒದಗಿಸುತ್ತಾರಂತೆ. ಅದರ ಬೆಲೆ ಬೇರೆ.

ನಾನು ವೈದ್ಯನಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ. ಆದರೆ ಬಿ.ಎಸ್‌ಸಿ. ಓದಿದ ಋಣ ಒಂದಿದೆ: ವಿಜ್ಞಾನದ ಹೆಸರು ಹೇಳಿ ಯಾರಾದರೂ ಏನಾದರೂ ಮಾರಲು ಬಂದಾಗ ಲೆಕ್ಕ ಕೇಳಬೇಕೆಂಬ ಚಟ. ಆ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ಈ ಕಿಣ್ವಗಳು ಸುಳ್ಳಲ್ಲ, ಅವುಗಳ ಕುರಿತ ವಿಜ್ಞಾನವೂ ಸುಳ್ಳಲ್ಲ. ಸುಳ್ಳಾಗಿರುವುದು ಅವುಗಳ ಹೆಸರಿನಲ್ಲಿ ಬರೆದುಕೊಡುವ ಜಾತಕ.

ನಾವು ಉಣ್ಣುವ, ಉಸಿರಾಡುವ, ಜಗಿಯುವ ಪದಾರ್ಥಗಳ ಜೊತೆಗೆ ಬೇಡದ ರಾಸಾಯನಿಕಗಳೂ ಒಳಸೇರುತ್ತವೆ. ಅವುಗಳಲ್ಲಿ ಅನೇಕವು ನೀರಿನಲ್ಲಿ ಕರಗುವುದಿಲ್ಲ. ಕರಗದ ಹೊರತು ಮೂತ್ರದಲ್ಲಿ ಹೊರಹೋಗಲಾರವು. ಇವನ್ನು ಸಾಗಹಾಕುವ ಕೆಲಸವನ್ನು ಮುಖ್ಯವಾಗಿ ಯಕೃತ್ತು ಎರಡು ಹಂತಗಳಲ್ಲಿ ಮಾಡುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಆವಕ ಶಾಖೆ, ಎರಡನೆಯದು ಜಾವಕ ಶಾಖೆ. ಆವಕ ಶಾಖೆಯಲ್ಲಿ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳ ದೊಡ್ಡ ಬಳಗವೇ ಇದೆ. ಬಂದ ರಾಸಾಯನಿಕಕ್ಕೆ ಅವು ಆಮ್ಲಜನಕದ ಮುದ್ರೆ ಒತ್ತುತ್ತವೆ. ಜಾವಕ ಶಾಖೆಯಲ್ಲಿ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಮೊದಲಾದ ಕಿಣ್ವಗಳಿವೆ; ಮುದ್ರೆ ಬಿದ್ದ ಪದಾರ್ಥಕ್ಕೆ ನೀರಿನಲ್ಲಿ ಕರಗುವ ಚೀಟಿಯೊಂದನ್ನು ಅಂಟಿಸಿ ಅವು ಹೊರಕ್ಕೆ ರವಾನಿಸುತ್ತವೆ. ಈ ಉದ್ದ ಹೆಸರಿನ ಕಿಣ್ವಕ್ಕೆ ಸಂಕ್ಷೇಪವಾಗಿ ಜಿ.ಎಸ್.ಟಿ. ಎನ್ನುತ್ತಾರೆ. 2017ರ ಜುಲೈ ತಿಂಗಳಿನಿಂದ ಈ ಮೂರಕ್ಷರ ಕೇಳಿದರೆ ನಮಗೆ ನೆನಪಾಗುವುದು ಬೇರೆಯೇ. ಆದರೆ ಈ ಜಿ.ಎಸ್.ಟಿ. ಭಾರ ಇಳಿಸುವಂಥದು, ಹೇರುವಂಥದಲ್ಲ.

ಇಲ್ಲೊಂದು ವಿಚಿತ್ರವಿದೆ. ಆವಕ ಶಾಖೆಯ ಮುದ್ರೆ ಬೀಳುವುದರಿಂದಲೇ ಕೆಲವು ಸಾಧು ಪದಾರ್ಥಗಳು ವಿಷವಾಗುತ್ತವೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬುದು ತಾನಾಗಿ ನಮ್ಮ ಜೀವಕೋಶದ ಡಿ.ಎನ್.ಎ.ಗೆ ಅಂಟುವಂಥದಲ್ಲ. ಪಿ-450 ಅದನ್ನು ಮಾರ್ಪಡಿಸಿದ ಮೇಲೆಯೇ ಅದು ಡಿ.ಎನ್.ಎ.ಗೆ ಅಂಟಿಕೊಂಡು ಕೇಡು ಮಾಡುವುದು. ಆದ್ದರಿಂದ ಆವಕ ಶಾಖೆ ಚುರುಕಾಗಿದ್ದು ಜಾವಕ ಶಾಖೆ ಮಂದವಾಗಿದ್ದರೆ ಮೇಜಿನ ಮೇಲೆ ಬೆಂಕಿ ಉಳಿಯುತ್ತದೆ. ಅಂಥವರಿಗೆ ಕ್ಯಾನ್ಸರಿನ ಅಪಾಯ ಹೆಚ್ಚಿರಬೇಕು ಎಂಬ ಊಹೆ ಸಹಜವಾದದ್ದು, ಬುದ್ಧಿವಂತರು ಮಾಡಿದ್ದು. ಊಹೆಯನ್ನು ನಾನು ಅಲ್ಲಗಳೆಯುವುದಿಲ್ಲ. ಊಹೆಗೂ 8,000 ರೂಪಾಯಿಯ ಪರೀಕ್ಷೆಗೂ ನಡುವೆ ಎಷ್ಟು ದೂರವಿದೆ ಎಂಬುದೇ ಪ್ರಶ್ನೆ.

ಈ ಊಹೆಗೆ ಅರ್ಧ ಶತಮಾನದ ಇತಿಹಾಸವಿದೆ. 1973ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕೆಲ್ಲರ್‌ಮನ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿನ 50 ಮಂದಿ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಪಿ-450 ಬಳಗದ ಒಂದು ಕಿಣ್ವ ಎಷ್ಟು ಚುರುಕಾಗಿ ಏರುತ್ತದೆಂದು ಅಳೆದರು. ಮಂದಗತಿಯವರು ರೋಗಿಗಳಲ್ಲಿ ಬಹಳ ವಿರಳ, ಚುರುಕಿನವರು ಬಹಳ ಹೆಚ್ಚು ಎಂದು ಪ್ರಕಟಿಸಿದರು. ಇನ್ನು ಮುಂದೆ ಯಾರು ಸಿಗರೇಟು ಸೇದಿದರೆ ಸಾಯುತ್ತಾರೆ, ಯಾರು ಸೇದಿಯೂ ಬದುಕುತ್ತಾರೆ ಎಂದು ಮೊದಲೇ ಹೇಳಬಹುದೆಂಬ ಆಸೆ ಹುಟ್ಟಿತು. ಇತರ ಪ್ರಯೋಗಶಾಲೆಗಳವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಹಲವರಿಗೆ ಆ ಫಲ ಸಿಗಲಿಲ್ಲ. ಅಂದಿನ ಆಸೆ ಅಲ್ಲಿಗೇ ಕುಸಿಯಿತು.

ಆಮೇಲೆ ಸರದಿ ಜಾವಕ ಶಾಖೆಯದು. ಜಿ.ಎಸ್.ಟಿ.ಗಳಲ್ಲಿ ಎಂ-1 ಎಂಬ ಒಂದು ಬಗೆಯಿದೆ. ಅದನ್ನು ತಯಾರಿಸುವ ವಂಶವಾಹಿಯೇ ಎಷ್ಟೋ ಜನರಲ್ಲಿ ಹುಟ್ಟಿನಿಂದ ಇರುವುದಿಲ್ಲ. ಯುರೋಪಿಯನ್ನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಲ್ಲ. ಭಾರತದ ಅನೇಕ ಎಣಿಕೆಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಇಲ್ಲ. 1980ರ ದಶಕದ ನಡುವಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಬಂದ ಧೂಮಪಾನಿಗಳಲ್ಲಿ ಈ ಕಿಣ್ವವಿಲ್ಲದವರೇ ಹೆಚ್ಚೆಂಬ ವರದಿ ಬಂದಿತು. ಮತ್ತೆ ಉತ್ಸಾಹ, ಮತ್ತೆ ನೂರಾರು ಪ್ರಬಂಧಗಳು. ಹಲವು ದೇಶಗಳ ಸಾವಿರಾರು ರೋಗಿಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಳಿದದ್ದೆಷ್ಟು? ಅಪಾಯದಲ್ಲಿ ಶೇಕಡಾ 20ರ ಆಸುಪಾಸಿನ ಏರಿಕೆ. ದೊಡ್ಡ ಎಣಿಕೆಗಳನ್ನಷ್ಟೇ ಗಣಿಸಿದರೆ ಅದೂ ಇಲ್ಲವೆನ್ನುವಷ್ಟು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಶೇಕಡಾ 20 ಎಂದರೇನು? ಅರ್ಥವಾಗಲೆಂದು ಒಂದು ಲೆಕ್ಕ ಹಾಕೋಣ. ಕಿಣ್ವವಿರುವ 1,000 ಜನರಲ್ಲಿ 10 ಮಂದಿಗೆ ಒಂದು ಕ್ಯಾನ್ಸರ್ ಬರುತ್ತದೆಂದು ಇಟ್ಟುಕೊಳ್ಳಿ. ಕಿಣ್ವವಿಲ್ಲದ 1,000 ಜನರಲ್ಲಿ ಅದು 12 ಮಂದಿಗೆ ಬರುತ್ತದೆ. ಅಂದರೆ ಕೆಂಪು ಗುರುತು ಪಡೆದು ನಿದ್ದೆಗೆಟ್ಟ 1,000 ಮಂದಿಯಲ್ಲಿ 988 ಮಂದಿಗೆ ಆ ರೋಗ ಬರುವುದೇ ಇಲ್ಲ. ಹಸಿರು ಗುರುತು ಪಡೆದು ನಿಶ್ಚಿಂತರಾದ 1,000 ಮಂದಿಯಲ್ಲಿ 10 ಮಂದಿಗೆ ಬರುತ್ತದೆ. ಇದರಿಂದ ಯಾರಿಗೆ ಯಾವ ತಿಳಿವಳಿಕೆ ಬಂದಂತಾಯಿತು? ಇನ್ನೊಂದು ಕಡೆ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದದವರಿಗಿಂತ 15ರಿಂದ 30 ಪಟ್ಟು. ಇಲ್ಲಿ ಹತ್ತು ಹನ್ನೆರಡಾಗುವುದಲ್ಲ, ಒಂದು ಹದಿನೈದಾಗುವುದು. ಇದನ್ನು ತಿಳಿಯಲು ಎಂಜಲು ಬೇಡ. ಜೇಬಿನಲ್ಲಿ ಪೊಟ್ಟಣವಿದೆಯೇ ಎಂದು ನೋಡಿದರೆ ಸಾಕು.

ಇನ್ನು 'ಕೊರತೆ' ಎಂಬ ಮಾತು. ಚೀನಾದ ಶಾಂಘಾಯ್ ನಗರದಲ್ಲಿ 18,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲೆಕೋಸಿನ ಜಾತಿಯ ತರಕಾರಿಗಳಲ್ಲಿ ಕೆಲವು ಖಾರದ ಅಂಶಗಳಿವೆ. ಅವು ಕ್ಯಾನ್ಸರನ್ನು ತಡೆಯಬಲ್ಲವೆಂಬ ಊಹೆ. ಆ ತರಕಾರಿಯಿಂದ ಹೆಚ್ಚಿನ ರಕ್ಷಣೆ ಕಂಡುಬಂದದ್ದು ಜಿ.ಎಸ್.ಟಿ. ಇಲ್ಲದವರಲ್ಲಿ! ಏಕೆಂದರೆ ಜಾವಕ ಶಾಖೆಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಒಳ್ಳೆಯ ಅಂಶವನ್ನೂ ಅದು ಬೇಗ ಹೊರದಬ್ಬುತ್ತದೆ. ಹಾಗಾದರೆ ಆ ಮನುಷ್ಯನಿಗೆ ಕೆಂಪು ಬಣ್ಣವೋ ಹಸಿರು ಬಣ್ಣವೋ? ಪ್ರಯೋಗಶಾಲೆಯ ಕರಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಈ ಕಿಣ್ವಗಳ ಕಥೆಯಲ್ಲಿ ನಿಜವಾಗಿಯೂ ಕಲಿಯಬೇಕಾದ ಪಾಠ ಬಣ್ಣದ ಕಾರ್ಖಾನೆಗಳದು. 1895ರಷ್ಟು ಹಿಂದೆಯೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬಾತ ಬಟ್ಟೆಯ ಬಣ್ಣ ತಯಾರಿಸುವ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರನ್ನು ಗುರುತಿಸಿದ. ಬೆಂಜಿಡಿನ್, ನಾಫ್ತೈಲಮೈನ್ ಮುಂತಾದ ಪದಾರ್ಥಗಳೇ ಕಾರಣವೆಂದು 1954ರಲ್ಲಿ ಇಂಗ್ಲೆಂಡಿನಲ್ಲಿ ಕೇಸ್ ಎಂಬವರು ಅಂಕಿ ಅಂಶಗಳಿಂದ ತೋರಿಸಿದರು. ಇಂಥ ಪದಾರ್ಥಗಳನ್ನು ಸಾಗಹಾಕುವ ಇನ್ನೊಂದು ಕಿಣ್ವವಿದೆ, ಎನ್-ಅಸಿಟೈಲ್ ಟ್ರಾನ್ಸ್‌ಫರೇಸ್ ಎಂದು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯನ್ನು ಕೆಲವರ ದೇಹ ಬೇಗ ಕಳೆಯುತ್ತದೆ, ಕೆಲವರದು ನಿಧಾನವಾಗಿ ಕಳೆಯುತ್ತದೆ. ಆ ಭೇದಕ್ಕೂ ಇದೇ ಕಿಣ್ವ ಕಾರಣ. 1982ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಕಡೆಯ ಬಣ್ಣದ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಂದ 23 ಮಂದಿಯನ್ನು ಪರೀಕ್ಷಿಸಿದಾಗ 22 ಮಂದಿ ನಿಧಾನಿಗಳು. ಇಷ್ಟು ಸ್ಪಷ್ಟವಾದ ಫಲ ಈ ವಿಷಯದಲ್ಲಿ ಅಪರೂಪ.

ಆದರೆ ಮುಂದೇನಾಯಿತು? ಚೀನಾದ ಬೆಂಜಿಡಿನ್ ಕಾರ್ಮಿಕರಲ್ಲಿ ಇದೇ ಪರೀಕ್ಷೆ ಮಾಡಿ 1993ರಲ್ಲಿ ಪ್ರಕಟಿಸಿದಾಗ ನಿಧಾನಿಗಳಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಒಂದು ವಿಷಕ್ಕೆ ಕೆಂಪೆನಿಸಿದ ಗುರುತು ಇನ್ನೊಂದಕ್ಕೆ ಕೆಂಪಲ್ಲ. ಅದಂತಿರಲಿ, ನಾಫ್ತೈಲಮೈನನ್ನು ಬಟ್ಟಿಯಿಳಿಸುತ್ತಿದ್ದ ಒಂದು ಸಣ್ಣ ತಂಡದಲ್ಲಂತೂ ಒಬ್ಬರನ್ನೂ ಬಿಡದೆ ಎಲ್ಲರಿಗೂ ಕ್ಯಾನ್ಸರ್ ಬಂದಿತ್ತು. ವಿಷದ ಪ್ರಮಾಣ ಅಷ್ಟಾದಾಗ ಕಿಣ್ವ ಚುರುಕಾಗಿದ್ದರೇನು, ಮಂದವಾಗಿದ್ದರೇನು? ಇಂಗ್ಲೆಂಡಿನಲ್ಲಿ ಆ ಪದಾರ್ಥದ ತಯಾರಿಕೆ ನಿಂತದ್ದು 1949ರಲ್ಲಿ, ಕಾನೂನಿನ ನಿಷೇಧ ಬಂದದ್ದು 1967ರಲ್ಲಿ. ನಮ್ಮ ಸರಕಾರ ಬೆಂಜಿಡಿನ್ ಮೂಲದ ಬಣ್ಣಗಳನ್ನು ನಿಷೇಧಿಸಿದ್ದು 1993ರಲ್ಲಿ. ಕಾರ್ಮಿಕರನ್ನು ಉಳಿಸಿದ್ದು ಅವರ ಕಿಣ್ವಗಳ ಪರೀಕ್ಷೆಯಲ್ಲ, ವಿಷದ ಪೀಪಾಯಿಯನ್ನು ಹೊರಗೆ ಹಾಕಿದ್ದು.

ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ಅಪಾಯವೆನಿಸುವ ಅಂಶವೂ ಇದೇ. ವಿಷ ಉಣಿಸಿದವನ ಮೇಲಿನ ದೃಷ್ಟಿಯನ್ನು ಅದು ವಿಷ ಉಂಡವನ ಮೈಯೊಳಕ್ಕೆ ತಿರುಗಿಸುತ್ತದೆ. ನಿನಗೆ ಕ್ಯಾನ್ಸರ್ ಬಂದದ್ದು ನಮ್ಮ ಕಾರ್ಖಾನೆಯ ಹೊಗೆಯಿಂದಲ್ಲ, ನಮ್ಮ ತಂಬಾಕಿನಿಂದಲ್ಲ, ನಿನ್ನ ವಂಶವಾಹಿಯ ದೋಷದಿಂದ ಎಂದು ಹೇಳುವುದಕ್ಕೆ ಇದಕ್ಕಿಂತ ಅನುಕೂಲವಾದ ಸಾಧನ ಮತ್ತೊಂದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇದು ಬರಿಯ ಕಲ್ಪನೆಯೆಂದು ತಿಳಿಯಬೇಡಿ. ಅಮೆರಿಕದ ಬರ್ಲಿಂಗ್‌ಟನ್ ನಾರ್ದರ್ನ್ ಸಾಂಟಾ ಫೆ ಎಂಬ ರೈಲ್ವೆ ಕಂಪನಿಯಲ್ಲಿ ಕೆಲಸದಿಂದ ಕೈನೋವು ಬಂತೆಂದು ದೂರಿದ ನೌಕರರ ರಕ್ತವನ್ನು ಅವರಿಗೆ ತಿಳಿಸದೆಯೇ ವಂಶವಾಹಿ ಪರೀಕ್ಷೆಗೆ ಕಳಿಸಿದ ಪ್ರಕರಣ 2001ರಲ್ಲಿ ಬಯಲಾಯಿತು. ಮರುವರ್ಷ ಕಂಪನಿ 22 ಲಕ್ಷ ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. 2008ರಲ್ಲಿ ಆ ದೇಶದಲ್ಲಿ ಇಂಥದನ್ನು ತಡೆಯುವ ಕಾನೂನೇ ಬಂತು. ನಮ್ಮಲ್ಲಿ ಅಂಥ ಕಾನೂನನ್ನು ಸಂಸತ್ತು ಇನ್ನೂ ಮಾಡಿಲ್ಲ. ಹೀಗಿರುವಾಗ ಸದಸ್ಯರ ಹೆಸರು, ವಯಸ್ಸು, ವಂಶವಾಹಿಯ ವಿವರಗಳನ್ನು ಪಟ್ಟಿ ಮಾಡಿ ಖಾಸಗಿಯವರ ಕೈಗೆ ಒಪ್ಪಿಸುವ ಹೊಣೆಯನ್ನು ಸಂಘವೇಕೆ ಹೊರಬೇಕು? ನಾಳೆ ಆ ವಿವರ ವಿಮಾ ಕಂಪನಿಯ ಮೇಜಿಗೆ ಹೋದರೆ ಉತ್ತರ ಕೊಡುವವರು ಯಾರು?

ಹಾಗಾದರೆ ಈ ಕಿಣ್ವಗಳು ಮುನ್ಸೂಚನೆ ಕೊಡುವುದೇ ಇಲ್ಲವೇ? ಕೊಡುತ್ತವೆ, ಇಲಿಯಲ್ಲಿ. ರಾಸಾಯನಿಕ ತಿನ್ನಿಸಿದ ಇಲಿಯ ಯಕೃತ್ತಿನಲ್ಲಿ ಗಂಟು ಮೂಡುವ ಮೊದಲೇ ಜಿ.ಎಸ್.ಟಿ.ಯ ಒಂದು ವಿಶೇಷ ಬಗೆ ಚುಕ್ಕೆಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆಂದು 1984ರಲ್ಲಿ ಜಪಾನಿನ ಸಾಟೊ ಮತ್ತು ಸಂಗಡಿಗರು ತೋರಿಸಿದರು. ಹೊಸ ರಾಸಾಯನಿಕಗಳು ಅಪಾಯಕಾರಿಯೇ ಎಂದು ಪರೀಕ್ಷಿಸಲು ಅದು ಬಹಳ ಉಪಯುಕ್ತವಾಯಿತು. ಮನುಷ್ಯರಲ್ಲಿಯೂ ಇಂಥ ಕಿಣ್ವಗಳ ಪರೀಕ್ಷೆಗೆ ಸ್ಥಾನವಿದೆ. ಫ್ಲೂರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧವನ್ನು ಕಳೆಯುವ ಕಿಣ್ವ ಕೆಲವರಲ್ಲಿ ಬಲು ಕಡಿಮೆ. ಅಂಥವರಿಗೆ ಮಾಮೂಲು ಪ್ರಮಾಣವೇ ಪ್ರಾಣಕ್ಕೆ ಎರವಾಗಬಹುದು. ಔಷಧ ಕೊಡುವ ಮುನ್ನ ಆ ಪರೀಕ್ಷೆ ಮಾಡಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಸಲಹೆ ಮಾಡಿತು. ಅಲ್ಲಿ ಪರೀಕ್ಷೆಯ ಫಲ ಬಂದೊಡನೆ ವೈದ್ಯರು ಮಾಡಬೇಕಾದ ಕೆಲಸ ಒಂದಿದೆ: ಔಷಧದ ಪ್ರಮಾಣ ಇಳಿಸುವುದು. ಹಾಗೆಯೇ ತಾಯಿ, ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್ ಬಂದ ಮನೆತನದವರು ಬಿ.ಆರ್.ಸಿ.ಎ. ಎಂಬ ವಂಶವಾಹಿಯ ಪರೀಕ್ಷೆಯ ಬಗ್ಗೆ ತಜ್ಞರನ್ನು ಖಂಡಿತ ಕೇಳಬೇಕು. ಅದಕ್ಕೂ ಈ ವಿಷಹಾರಿ ಕಿಣ್ವಗಳಿಗೂ ಸಂಬಂಧವಿಲ್ಲ. ನನ್ನ ಜಗಳ ಪರೀಕ್ಷೆಯೊಡನಲ್ಲ. ಫಲ ಬಂದ ಮೇಲೆ ಮಾಡಲು ಪುಡಿ ಕೊಳ್ಳುವುದಲ್ಲದೆ ಬೇರೇನೂ ಇಲ್ಲದ ಪರೀಕ್ಷೆಯೊಡನೆ.

'ಭಯವಾದರೂ ಹುಟ್ಟಿದರೆ ಜನ ಚಟ ಬಿಡುತ್ತಾರಲ್ಲ' ಎಂದು ಸಮಿತಿಯ ಹಿರಿಯರೊಬ್ಬರು ಹೇಳಿದರು. ಮಾತು ಒಳ್ಳೆಯ ಮನಸ್ಸಿನದು, ಆದರೆ ಪರೀಕ್ಷಿಸಿ ನೋಡಿದಾಗ ನಿಲ್ಲಲಿಲ್ಲ. ವಂಶವಾಹಿಯ ಅಪಾಯವನ್ನು ತಿಳಿಸಿದರೆ ಜನರ ನಡತೆ ಬದಲಾಗುವುದೇ ಎಂದು ನೋಡಿದ 18 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ಬದಲಾವಣೆ ಅತ್ಯಲ್ಪ ಅಥವಾ ಏನೂ ಇಲ್ಲ. ಇನ್ನು ಹಸಿರು ಗುರುತು ಬಂದ ಗುಟ್ಕಾ ಪ್ರಿಯರು ಏನು ಮಾಡುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. 'ಅವರವರ ದುಡ್ಡು, ನಿಮಗೇನು?' ಎಂದವರೂ ಇದ್ದಾರೆ. ಅವರವರ ಮನೆಯಲ್ಲಿ ಆದರೆ ನನಗೇನೂ ಇಲ್ಲ. ಸಂಘದ ವೇದಿಕೆಯಲ್ಲಿ, ಸಂಘದ ಹೆಸರಿನಲ್ಲಿ ಆದರೆ ಇದೆ. ಐವತ್ತು ಮಂದಿ ಸೇರಿದರೂ 4 ಲಕ್ಷ ರೂಪಾಯಿ. ಸಂಘ ಹೇಳಿತೆಂದು ನಂಬಿ ಪಿಂಚಣಿಯಿಂದ ತೆಗೆದುಕೊಡುವವರು ಅವರಲ್ಲಿರುತ್ತಾರೆ.

ಬೇಡವೆಂದು ಹೇಳಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಕ್ಯಾನ್ಸರನ್ನು ಮೊದಲೇ ಹಿಡಿಯುವ, ಪರೀಕ್ಷಿಸಿ ಸಿದ್ಧವಾದ ದಾರಿ ನಮ್ಮ ದೇಶದಲ್ಲೇ ಇದೆ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ಸುಮಾರು 1.9 ಲಕ್ಷ ಜನರನ್ನು ಸೇರಿಸಿ ದೊಡ್ಡ ಪ್ರಯೋಗವೊಂದು ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಒಳ್ಳೆಯ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು. ಅಷ್ಟೇ. 2005ರಲ್ಲಿ ಫಲ ಪ್ರಕಟವಾಯಿತು: ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆ. ನಮ್ಮ ಮುಂಬಯಿಯ ಟಾಟಾ ಆಸ್ಪತ್ರೆಯವರು ಇಲ್ಲಿನ ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರನ್ನು ಸೇರಿಸಿ ಇಂಥದೇ ಕೆಲಸ ಮಾಡಿದರು. ವಿನಿಗರ್‌ನಂಥ ಆಮ್ಲವನ್ನು ಗರ್ಭಕೋಶದ ಕೊರಳಿಗೆ ಹಚ್ಚಿ ಬಿಳಿ ಮಚ್ಚೆ ಮೂಡುವುದೇ ಎಂದು ನೋಡುವ ಸರಳ ಪರೀಕ್ಷೆ. ಆ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿಯಿತು. ಇವು ಊಹೆಯಲ್ಲ, ಉಳಿದ ಜೀವಗಳ ಲೆಕ್ಕ.

ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಗಂಡಸರಲ್ಲಿ ಒಮ್ಮೆಯಾದರೂ ಕ್ಯಾನ್ಸರಿಗಾಗಿ ಬಾಯಿ ಪರೀಕ್ಷೆ ಮಾಡಿಸಿಕೊಂಡವರು ಶೇಕಡಾ 1.2, ಹೆಂಗಸರಲ್ಲಿ 0.9. ಈ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.4 ಲಕ್ಷ ಮಂದಿಗೆ ಹೊಸದಾಗಿ ಬಾಯಿಯ ಕ್ಯಾನ್ಸರ್ ಬಂದಿದೆಯೆಂದು ಅಂದಾಜು. ಬಾಯಿಗೆ ಕೀಲಿ ಬೇಕಿಲ್ಲ, ಬ್ಯಾಟರಿ ದೀಪವೊಂದು ಸಾಕು. ಆ ದೀಪ ಹಿಡಿಯುವವರಿಲ್ಲ, ವಂಶವಾಹಿ ಓದುವವರು ಮಾತ್ರ ಬಾಗಿಲಿಗೇ ಬಂದು ನಿಂತಿದ್ದಾರೆ.

ನಮ್ಮವರಿಗೆ ಕಹಿಯಾದ ಒಂದು ಮಾತನ್ನೂ ಹೇಳಲೇಬೇಕು. ತಂಬಾಕು ಬೇಡ, ಬರಿಯ ಎಲೆ ಅಡಿಕೆಯಾದರೆ ದೋಷವಿಲ್ಲವೆಂದು ನಾವು ತಿಳಿದಿದ್ದೇವೆ. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಮಲೆನಾಡು, ಕರಾವಳಿಯ ಬಂಧುಗಳಿಗೆ ಇದು ಜೀವನೋಪಾಯದ ಪ್ರಶ್ನೆ ಎಂಬುದನ್ನು ನಾನು ಬಲ್ಲೆ. ಅವರಿಗೆ ಬೇರೆ ಬೆಳೆಯ ದಾರಿ ತೋರಿಸುವುದು ಸರಕಾರದ ಹೊಣೆ. ಆದರೆ ಬಾಯಿಯ ಸತ್ಯವನ್ನು ತೋಟದ ಸಲುವಾಗಿ ಮುಚ್ಚಿಡಲಾಗದು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿಗಳು ಪಾನ್ ಮಸಾಲವನ್ನು ಒಂದು ಚೀಟಿನಲ್ಲೂ ತಂಬಾಕನ್ನು ಇನ್ನೊಂದರಲ್ಲೂ ತುಂಬಿ ಜೋಡಿಯಾಗಿ ಮಾರಿದರು. ಕಾನೂನು ಅಲ್ಲಿ ಸೋತಿದೆ. ದನಿಯೆತ್ತಬೇಕಾದದ್ದು ಆ ಜೋಡಿ ಚೀಟುಗಳ ವಿರುದ್ಧ.

ಆದ್ದರಿಂದ ಸಮಿತಿಯವರಲ್ಲಿ ನನ್ನ ಸೂಚನೆ ಇಷ್ಟು. ಪ್ರಯೋಗಶಾಲೆಯವರಿಗೆ ನಯವಾಗಿ ಬೇಡವೆಂದು ಬರೆಯಿರಿ. ಬದಲಿಗೆ ಇಬ್ಬರು ದಂತವೈದ್ಯರನ್ನು ಕರೆಸಿ. ನಮ್ಮ ಸದಸ್ಯರಲ್ಲೇ ಇದ್ದಾರೆ. ಕೈಗವಸು, ಬಾಯಿಗನ್ನಡಿ, ಬ್ಯಾಟರಿ ದೀಪ ಇಷ್ಟೇ ಸಾಮಗ್ರಿ. ಮೂವತ್ತು ದಾಟಿದ ಎಲ್ಲರ ಬಾಯಿಯನ್ನೂ ನೋಡಲಿ: ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಟ್ಟಿಗೆ ಹೋಗದಷ್ಟು ಬಿಗಿದ ಬಾಯಿ. ಶಿಬಿರದ ಬಾಗಿಲು ಸದಸ್ಯರಿಗಷ್ಟೇ ತೆರೆದರೆ ಸಾಲದು. ಹೋಟೆಲುಗಳ ಅಡಿಗೆಮನೆಯಲ್ಲಿ, ಕ್ಯಾಂಟೀನುಗಳಲ್ಲಿ ನಡುರಾತ್ರಿಯವರೆಗೆ ದುಡಿಯುವ ನಮ್ಮ ಊರುಗಳ ಹುಡುಗರು ಸಂಘದ ಮೆಟ್ಟಿಲು ಹತ್ತಿದವರಲ್ಲ. ನಿದ್ದೆ ತಡೆಯಲೆಂದು ತಂಬಾಕು ಒತ್ತುವವರು ಅವರಲ್ಲಿ ಬಹಳ ಮಂದಿ. ಮಾಲೀಕರನ್ನು ಕೇಳಿಕೊಂಡು ಅವರನ್ನು ಕರೆತರೋಣ. ಸಂಶಯ ಬಂದವರೊಡನೆ ಪರೇಲಿನ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಸ್ವಯಂಸೇವಕರ ಪಟ್ಟಿಯೊಂದನ್ನು ಸಂಘ ಮಾಡಲಿ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಶನಿವಾರ ಕಚೇರಿಗೆ ರಜೆ.